ಸಾಬೂನಿಗೆ ಹೋಗದ ಸಕ್ಕರೆ

"ಐನೂರಾ ಎಂಬತ್ತೆರಡು!"

ನರ್ಸ್ ರಾಜೇಶ್ವರಿ ಅಕ್ಕಾರು ಕೂಗಿದ ರಭಸಕ್ಕೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಕೂತಿತು.

ಅಕ್ಕಾರು ಕೈಯಲ್ಲಿದ್ದ ಪುಟ್ಟ ಮಿಷನ್ ಅಲ್ಲಾಡಿಸಿದರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಂಕಿ ಬದಲಾಗಲಿಲ್ಲ.

"ಹೊಳೆವ್ವಾರ, ಕಣ್ಣಿಗೆ ಕತ್ತಲಿ ಬರಾಕತ್ತೈತೇನ್ರಿ? ಕೈ ನಡಗತಾವೇನ್ರಿ?"

"ನನ್ನ ಕೈ ಯಾಕ ನಡಗತಾವ? ನಿನ್ನ ಕೈನ ನಡಗಾಕತ್ತಾವ ನೋಡವಾ" ಎಂದಳು ಹೊಳೆವ್ವಜ್ಜಿ.

ಅಂದು ಶನಿವಾರ. ಮೆಣಸಗಿಯಲ್ಲಿ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡುವ ಕ್ಯಾಂಪ್ ಇತ್ತು. ಸರದಿಯಲ್ಲಿ ನಿಂತವರೆಲ್ಲ ಸರದಿ ಮರೆತು ಅಜ್ಜಿಯನ್ನು ಸುತ್ತುವರಿದರು. ಯಾರೋ "ಗಾಡಿ ತರಸ್ರಿ, ರೋಣದ ದೊಡ್ಡ ದವಾಖಾನಿಗೆ ಒಯ್ಯೂಣು" ಎಂದರು. ಯಾರೋ ಉಳ್ಳಾಗಡ್ಡಿ ಒಡೆದು ಅಜ್ಜಿಯ ಮೂಗಿಗೆ ಹಿಡಿದರು. ಪಕ್ಕದ ಮನೆಯ ಬಾಳವ್ವ ಅಳುವುದಕ್ಕೇ ಶುರುಮಾಡಿದಳು.

"ಯವ್ವಾ ಹೊಳೆವ್ವಾ, ಇನ್ನ ಪಂಚಮಿ ಉಂಡಿಗೆ ಪಾಕ ಯಾರ ನೋಡತಾರಬೇ!"

ಅಜ್ಜಿಗೆ ಏನಾದೀತು ಎಂಬುದಕ್ಕಿಂತ ಪಾಕದ ಚಿಂತೆಯೇ ಬಾಳವ್ವನಿಗೆ ಹೆಚ್ಚಾಗಿತ್ತು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಪಂಚಮಿ ಬಂತೆಂದರೆ ಆ ಓಣಿಯಲ್ಲಿ ಮನೆಮನೆಗೂ ಐದು ಬಗೆಯ ಉಂಡಿ ಆಗಬೇಕು. ಬೆಲ್ಲದ ಪಾಕ ಎಳೆಯದಾದರೆ ಉಂಡಿ ನಿಲ್ಲುವುದಿಲ್ಲ, ಬಲಿತರೆ ಹಲ್ಲು ನಿಲ್ಲುವುದಿಲ್ಲ. ಅದಕ್ಕೇ ಹೊಳೆವ್ವಜ್ಜಿ ಬಂದು ಒಂದು ಹನಿಯನ್ನು ನೀರಲ್ಲಿ ಗುಂಡು ಮಾಡಿ, ತಾಟಿಗೆ ಬಡಿದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಹೂಂ, ಇಳಸು" ಅನ್ನುವವರೆಗೆ ಯಾರೂ ಬೋಗುಣಿ ಇಳಿಸುತ್ತಿರಲಿಲ್ಲ.

ಈ ಗದ್ದಲದಲ್ಲಿ ಅಜ್ಜಿಯ ಮೊಮ್ಮಗಳು, ಐದನೇ ಕ್ಲಾಸಿನ ಮೇಘಾ ಮಾತ್ರ ಅಜ್ಜಿಯ ಬೆರಳನ್ನೇ ನೋಡುತ್ತಿದ್ದಳು. ಅದರ ಮೇಲೆ ಒಂದು ಇರುವೆ ಆರಾಮಾಗಿ ಓಡಾಡುತ್ತಿತ್ತು. ಮೇಘಾ ಬಗ್ಗಿ ಅಜ್ಜಿಯ ಹೆಬ್ಬೆರಳನ್ನು ನೆಕ್ಕಿಯೇ ಬಿಟ್ಟಳು.

"ಅಕ್ಕಾರ, ಇದು ಬೆಲ್ಲರಿ!"

ಅಕ್ಕಾರು ಮಿಷನ್ ಕೆಳಗಿಟ್ಟರು.

"ಹೊಳೆವ್ವಾರ, ಕೈ ತೊಳಕೊಂಡೀರೇನಂತ ನಾ ಕೇಳಿದ್ನಿಲ್ರಿ?"

"ತೊಳಕೊಂಡೇನಲ್ಲ. ಮುಂಜಾನೆ ತೊಳಕೊಂಡೇನಿ. ಆಮ್ಯಾಲೆ ಬಾಳವ್ವನ ಮನ್ಯಾಗ ಬೆಲ್ಲದ ಪೆಂಟಿ ಒಡದು ಹಂಗ ಬಂದೆ."

ಅಕ್ಕಾರು ಹಣೆ ಬಡಿದುಕೊಂಡರು. ಸಾಬೂನು ಹಚ್ಚಿ ಅಜ್ಜಿಯ ಕೈ ತೊಳೆಸಿ, ಒರೆಸಿ, ಬೇರೆ ಬೆರಳಿಗೆ ಚುಚ್ಚಿದರು. ಈ ಸಲ ಇನ್ನೂರಾ ಅರವತ್ತೊಂದು ಬಂತು.

"ಇದೂ ಜಾಸ್ತೀನ ಐತ್ರಿ" ಎಂದರು ಅಕ್ಕಾರು. ಅವರ ಮುಖದಲ್ಲಿ ನಗುವಿರಲಿಲ್ಲ.

ಅಜ್ಜಿಯ ಮುಖ ಮಾತ್ರ ಅರಳಿತ್ತು. "ನೋಡ್ರಿ ಎಲ್ಲಾರೂ! ಒಮ್ಮಿ ಸಾಬೂನ ಹಚ್ಚಿದ್ದಕ್ಕ ಮುನ್ನೂರ ಇಳೀತು. ಇನ್ನೊಮ್ಮಿ ತೊಳಕೊಂಡ್ರ ಪೂರಾ ಹೊಕ್ಕೈತಿ. ತಾ ಇಲ್ಲೆ ಸಾಬೂನ!"

"ಹಂಗಲ್ರಿ, ಬೆರಳಿನ ಬೆಲ್ಲ ತೊಳದ್ರ ಹೊಕ್ಕೈತಿ. ರಕ್ತದಾಗಿನ ಸಕ್ಕರಿ ಹ್ಯಾಂಗ ಹೋದೀತು?" ಎಂದು ಅಕ್ಕಾರು ಹೇಳುವಷ್ಟರಲ್ಲಿ ಅಜ್ಜಿ ಕಟ್ಟೆ ಇಳಿದು ಹೊರಟಾಗಿತ್ತು.

ಅಕ್ಕಾರು ಮೇಘಾಳನ್ನು ಕರೆದರು. "ನಿಮ್ಮ ಆಯಿ ನೀರ ಭಾಳ ಕುಡೀತಾರೇನು?"

ಮೇಘಾ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದಳು. "ಹೌದ್ರಿ. ತಂಬಿಗಿ ಬಾಜೂಕ ಇಟ್ಕೊಂಡ ಕುಂದರತಾಳ್ರಿ. ಘಳಿಗಿಗೊಮ್ಮಿ ಹಿತ್ತಲಕ್ಕ ಹೊಕ್ಕಾಳ್ರಿ."

"ಕಾಲ ಬೆರಳಿಗೆ ಅರಿಷಿಣ ಯಾಕ ಹಚ್ಕೊಂಡಾರ?"

"ಹೊಸ್ತಿಲಾ ಎಡವಿದ್ಲರಿ. ತಿಂಗಳಾತು, ಇನ್ನೂ ಮಾದಿಲ್ಲರಿ."

ಅಕ್ಕಾರು ಮೇಘಾಳ ಹೆಗಲ ಮೇಲೆ ಕೈಯಿಟ್ಟರು. "ಸೋಮವಾರ ಮುಂಜಾನೆ ಖಾಲಿ ಹೊಟ್ಟಿಲೆ ದವಾಖಾನಿಗೆ ಕರಕೊಂಡ ಬಾ. ಹಿಂದಿನ ದಿನ ರಾತ್ರಿ ಹತ್ತರಿಂದ ಬರೇ ನೀರು, ಮತ್ತೇನೂ ಇಲ್ಲ. ಕಾವಲ ಕಾಯೋ ಡ್ಯೂಟಿ ನಿಂದು. ಲಗೂ ನೋಡಲಿಲ್ಲ ಅಂದ್ರ ಆ ಬೆರಳಿಗೆ ಚಲೋ ಅಲ್ಲ."

ಮೇಘಾ ಅಜ್ಜಿ ಹೋದ ದಾರಿಯನ್ನೇ ನೋಡಿದಳು. ಅಜ್ಜಿಯ ಆ ಪಾದದ ಮೇಲೆ ಕೂತೇ ಅವಳು ಸಣ್ಣವಳಿದ್ದಾಗ ಜೋಕಾಲಿ ಆಡಿದ್ದಳು.

ಮರುದಿನ ಓಣಿಯಲ್ಲಿ ಸಾಬೂನಿಗೆ ಭಾರಿ ಬೆಲೆ ಬಂತು. ಬಾಳವ್ವ ಮೊಣಕೈವರೆಗೆ ನೊರೆ ಮಾಡಿಕೊಂಡು ತೊಳೆದಳು. ಅವಳ ಗಂಡ ಒಂದು ಹೆಜ್ಜೆ ಮುಂದೆ ಹೋಗಿ ಕಾಲನ್ನೂ ತೊಳೆದ. ಪಂಚಮಿಗೆಂದು ಸೈಕಲ್ ಮೇಲೆ ಬಳೆ ಹೇರಿಕೊಂಡು ಬಂದ ಬಳೆಗಾರ ಕಾಶೀಂಸಾಬ ಇದನ್ನೆಲ್ಲ ನೋಡಿ ಸ್ಟ್ಯಾಂಡ್ ಹಾಕಿ ನಿಂತ. ಅವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು.

"ಹೌದೇನಬೇ ಹೊಳೆವ್ವಕ್ಕಾ? ಬರೇ ಸಾಬೂನ ಸಾಕಾಗಿತ್ತಾ? ಹನ್ನೆರಡ ವರ್ಷ ಸುಮ್ಮನ ಗುಳಿಗಿ ನುಂಗಿದ್ನಲ್ಲ!"

ಅವನು ತಮಾಷೆ ಮಾಡುತ್ತಿದ್ದಾನೆ ಎಂದು ಮೇಘಾಳಿಗೆ ಗೊತ್ತಾಯಿತು. ಅಜ್ಜಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಗೊತ್ತಾಗದ ಹಾಗೆ ಮಾಡಿದಳು. ಅವಳ ಮುಂದೆ ಮಾದರಿಗೆಂದು ಮಾಡಿದ ನಾಲ್ಕು ಶೇಂಗಾ ಉಂಡಿಗಳಿದ್ದ ಗಂಗಾಳ ಇತ್ತು. ಕಾಶೀಂಸಾಬ ಕಟ್ಟೆಯ ಮೇಲೆ ಕೂರುತ್ತಿದ್ದಂತೆ ಅಜ್ಜಿ ಅದರ ಮೇಲೆ ಪಟ್ಟನೆ ಮುಚ್ಚಳ ಹಾಕಿದಳು.

"ಪಾಪ, ಸಕ್ಕರಿ ಇದ್ದಾಂವ. ಕಣ್ಣಿಗೆ ಬೀಳಬಾರದು" ಎಂದು ಮೇಘಾಳ ಕಿವಿಯಲ್ಲಿ ಹೇಳಿದಳು. ಅಜ್ಜಿಯ ಪಿಸುಮಾತು ಮೂರು ಮನೆಗೆ ಕೇಳಿಸುತ್ತದೆ. ಕಾಶೀಂಸಾಬ ಬಳೆಯ ಗಂಟು ಬಿಚ್ಚುತ್ತ ತಲೆ ತಗ್ಗಿಸಿಕೊಂಡ.

ಸೋಮವಾರ ಬಂತು.

ಅಜ್ಜಿ ಮುಂಜಾನೆ ಏನೂ ತಿನ್ನಲಿಲ್ಲ. ಮೇಘಾ ರೊಟ್ಟಿ ಬುಟ್ಟಿಗೆ ಬೆನ್ನು ಕೊಟ್ಟು ಕೂತಿದ್ದಳು, ಹಾಗಾಗಿ ಉಳಿದ ಯಾರಿಗೂ ತಿನ್ನಲು ಸಿಗಲಿಲ್ಲ. ಎಂಟೂವರೆಗೆ ಇಬ್ಬರೂ ದವಾಖಾನೆಗೆ ಹೊರಟರು.

ಬಾಗಿಲಲ್ಲೇ ಬಾಳವ್ವ ಎದುರಾದಳು. "ಎಲ್ಲಿಗೆ ಹೊಂಟಿಬೇ? ಬಾ, ಒಂದ ಅರ್ಧ ಕಪ್ ಚಾ ಕುಡದ ಹೋಗು."

"ಆಯಿ, ಬ್ಯಾಡ!"

"ಏ, ಮನಿ ಮುಂದ ಕರದ್ರ ಒಲ್ಲೆ ಅಂತಾರೇನ?" ಎಂದು ಅಜ್ಜಿ ಒಳಗೆ ಹೋಗಿಯೇ ಬಿಟ್ಟಳು. ಬಾಳವ್ವನ ಅರ್ಧ ಕಪ್ಪು ಎಂದರೆ ಮುಕ್ಕಾಲು ಲೋಟ. ಅದರಲ್ಲಿ ಸಕ್ಕರೆ ಎಷ್ಟಿರುತ್ತದೆ ಎಂದರೆ ಚಮಚ ನೇರ ನಿಲ್ಲುತ್ತದೆ.

ನೀರಿನ ಟಾಕಿಯ ಹತ್ತಿರ ಇನ್ನೊಂದು ಮನೆಯಲ್ಲಿ ಕರೆದರು. ಹಿಟ್ಟಿನ ಗಿರಣಿಯ ಹತ್ತಿರ ಮತ್ತೊಂದು ಮನೆಯಲ್ಲಿ ಕರೆದರು. ಆ ಊರಲ್ಲಿ ಚಹಾ ಬೇಡ ಅಂದರೆ ಜಗಳ ಆಗಿದೆ ಎಂದೇ ಅರ್ಥ. ದವಾಖಾನೆ ಮುಟ್ಟುವಷ್ಟರಲ್ಲಿ ಅಜ್ಜಿಯ ಹೊಟ್ಟೆಯಲ್ಲಿ ಮೂರು ಚಹಾ ಗುಳುಗುಳು ಅನ್ನುತ್ತಿದ್ದವು.

"ಏನರ ತಿಂದೀರೇನ್ರಿ?" ಎಂದು ಕೇಳಿದರು ರಾಜೇಶ್ವರಿ ಅಕ್ಕಾರು.

"ದೇವರಾಣಿ ಒಂದ ಅಗಳ ತಿಂದಿಲ್ಲ."

"ತಿಂದಿಲ್ರಿ, ಕುಡದಾಳ್ರಿ! ಮೂರ ಚಾ!" ಎಂದಳು ಮೇಘಾ.

"ಚಾ ಏನ ಊಟಾನ?" ಎಂದು ಅಜ್ಜಿ ದಬಾಯಿಸಿದಳು. ಆದರೂ ಪರೀಕ್ಷೆ ಮಾಡಿಸಿಕೊಂಡಳು. ಇನ್ನೂರಾ ತೊಂಬತ್ತು ಬಂತು.

"ನೋಡಿದ್ಯಾ? ಇದು ನಂದಲ್ಲ. ತೊಂಬತ್ತ ಬಾಳವ್ವಂದು, ಉಳದದ್ದು ಟಾಕಿ ಮನೀದು, ಗಿರಣಿ ಮನೀದು" ಎಂದು ಅಜ್ಜಿ ಪಾಲು ಹಂಚಿದಳು. ಅಕ್ಕಾರು ಬುಧವಾರ ಮತ್ತೆ ಬರಲು ಹೇಳಿದರು.

ಬುಧವಾರ ಮೇಘಾ ಬಲು ಹುಷಾರಾದಳು. ಓಣಿಯ ದಾರಿಯೇ ಬೇಡ ಎಂದು ಹಿತ್ತಲಿನಿಂದ ಹೊರಟು, ಬಣವೆಗಳ ಸಂದಿಯಲ್ಲಿ ನುಸುಳಿ, ಎಮ್ಮೆಗಳ ನಡುವೆ ಅಜ್ಜಿಯನ್ನು ಎಳೆದುಕೊಂಡು ಹೋದಳು. ಎಮ್ಮೆಗಳು ಚಹಾ ಕುಡಿಯಲು ಕರೆಯುವುದಿಲ್ಲವಲ್ಲ! ಅಜ್ಜಿಯ ಎಲೆಅಡಿಕೆ ಸಂಚಿಯನ್ನೂ ಅವಳು ಮೊದಲೇ ಝಾಡಿಸಿ ನೋಡಿದ್ದಳು.

ಅಜ್ಜಿ ಒಂದು ಮಾತೂ ಆಡದೆ ಹಿಂದೆ ಬಂದಳು. ಅಷ್ಟು ದೂರ ಅಜ್ಜಿ ಸುಮ್ಮನಿದ್ದದ್ದು ಮೇಘಾಳಿಗೆ ಅನುಮಾನ ತಂದಿತು. ದವಾಖಾನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದಳು. ಅಜ್ಜಿಯ ಎಡಗಲ್ಲ ಉಬ್ಬಿತ್ತು.

"ಆಯಿ, ಬಾಯಿ ತಗಿ."

"ಊಂಹೂಂ."

"ತಗಿ ಅಂದೆ!"

ಅಜ್ಜಿ ಬಾಯಿ ತೆಗೆದಳು. ಒಳಗೆ ನಿಂಬೆಹಣ್ಣಿನಷ್ಟು ಬೆಲ್ಲದ ಉಂಡೆ ಇತ್ತು. ಸೆರಗಿನ ತುದಿಯ ಗಂಟು ಬಿಚ್ಚಿಕೊಂಡು ಜೋತಾಡುತ್ತಿತ್ತು.

ಮೇಘಾಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. "ನೀ ಬೇಕಂತ ಮಾಡಾಕತ್ತಿ! ಚಾ ಕುಡಿಯೋದೂ ಬೇಕಂತ, ಬೆಲ್ಲಾನೂ ಬೇಕಂತ. ನಿನ್ನ ಬೆರಳ ಹ್ವಾದ್ರ ನಾ ಏನ ಮಾಡಲಿ?"

ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಬೆಲ್ಲವನ್ನು ಉಗುಳಲು ಮನಸ್ಸಾಗದೆ, ನುಂಗಲು ಧೈರ್ಯವಾಗದೆ, ಸ್ವಲ್ಪ ಹೊತ್ತು ಆ ಗಲ್ಲದಿಂದ ಈ ಗಲ್ಲಕ್ಕೆ ಹೊರಳಿಸಿದಳು. ಕೊನೆಗೆ ತೆಗೆದು ಗಿಡದ ಬುಡಕ್ಕೆ ಒಗೆದಳು.

"ಹೌದು, ಬೇಕಂತ ಮಾಡೀನಿ" ಎಂದಳು. "ಚಾ ಕುಡದಿದ್ರ ಚಾದ್ದು ಅನ್ನಬಹುದು. ಬೆಲ್ಲ ತಿಂದಿದ್ರ ಬೆಲ್ಲದ್ದು ಅನ್ನಬಹುದು. ಖಾಲಿ ಹೊಟ್ಟಿಲೆ ಹೋಗಿ ಬಂದ್ರ ಯಾರದ್ದ ಅನ್ನಲಿ?"

"ಬಂದ್ರ ಬರಲಿ. ಗುಳಿಗಿ ಕೊಡತಾರ."

"ಗುಳಿಗಿ ಕೊಡತಾರ. ಆದ್ರ ಪಾಕಕ್ಕ ಯಾರ ಕರೀತಾರ? ನಾ ಹ್ವಾದ ಮನ್ಯಾಗೆಲ್ಲ ಗಂಗಾಳಕ್ಕ ಮುಚ್ಚಳ ಹಾಕತಾರ ನನ್ನವ್ವ."

ಮೇಘಾಳಿಗೆ ಕಾಶೀಂಸಾಬ ತಲೆ ತಗ್ಗಿಸಿದ್ದು ನೆನಪಾಯಿತು. ಮುಚ್ಚಳ ಪಟ್ಟೆಂದ ಸದ್ದೂ ನೆನಪಾಯಿತು. ಅಜ್ಜಿಗೂ ಅದೇ ನೆನಪಾಗಿರಬೇಕು, ಅವಳು ಸೆರಗಿನ ಗಂಟನ್ನೇ ನೋಡುತ್ತಿದ್ದಳು. ಆ ದಿನ ಪರೀಕ್ಷೆ ಆಗಲಿಲ್ಲ.

ಶುಕ್ರವಾರ ಮುಂಜಾನೆ ಮೇಘಾ ಹೊಸ ಕಾಯ್ದೆ ಮಾಡಿದಳು. "ನಾನೂ ರಾತ್ರಿ ಉಂಡ ಮ್ಯಾಲೆ ಏನೂ ತಿಂದಿಲ್ಲ. ನಿನ್ನ ಟೆಸ್ಟ್ ಆಗೋತನಾ ತಿನ್ನಂಗಿಲ್ಲ. ನೀ ಚಾ ಕುಡದ್ರ ನಾ ನಾಳೀತನಾ ತಿನ್ನಂಗಿಲ್ಲ."

"ಏ ಹುಚ್ಚಿ, ನೀ ಹಾಲರ ಕುಡಿ."

"ಊಂಹೂಂ."

ಇಬ್ಬರೂ ಓಣಿಯ ನಡುವೆಯೇ ನಡೆದರು. ಬಾಳವ್ವನ ಮನೆಯ ಮುಂದೆ ಶುಂಠಿ ಚಹಾದ ವಾಸನೆ ಘಮ್ಮೆಂದಿತು. ಅದಕ್ಕೆ ಸರಿಯಾಗಿ ಮೇಘಾಳ ಹೊಟ್ಟೆ ದೊಡ್ಡ ಕಪ್ಪೆಯ ಹಾಗೆ ವಟರ್ ಎಂದಿತು.

"ಬಾಬೇ ಹೊಳೆವ್ವಾ, ಅರ್ಧ ಕಪ್..."

"ನಿನ್ನ ಅರ್ಧ ಕಪ್ಪಿಗೆ ಬೆಂಕಿ ಬೀಳಲಿ! ನನ್ನ ಹುಡುಗಿ ಹಸಗೊಂಡೈತಿ. ದಾರಿ ಬಿಡು!"

ಬಾಳವ್ವ ಬಾಯಿ ತೆರೆದು ನಿಂತೇ ಬಿಟ್ಟಳು. ಅಜ್ಜಿ ಮೇಘಾಳ ಕೈ ಹಿಡಿದು ಎಷ್ಟು ಬಿರುಸಾಗಿ ನಡೆದಳು ಎಂದರೆ ಟಾಕಿ ಮನೆಯವರಿಗೂ ಗಿರಣಿ ಮನೆಯವರಿಗೂ ಕರೆಯಲು ಪುರುಸೊತ್ತು ಸಿಗಲಿಲ್ಲ. ದವಾಖಾನೆಯಲ್ಲಿ ಅಕ್ಕಾರು ಕೇಳುವ ಮೊದಲೇ ಅವಳು ಕೈ ತೊಳೆದುಕೊಂಡು, ಬೆರಳು ಚಾಚಿ ಕೂತಳು.

ಇನ್ನೂರಾ ಹದಿನಾಲ್ಕು.

ಬೆಲ್ಲವಿಲ್ಲ, ಚಹಾವಿಲ್ಲ, ಬಾಳವ್ವನ ಪಾಲೂ ಇಲ್ಲ. ಅಜ್ಜಿ ಅಂಕಿಯನ್ನು ನೋಡಿದಳು, ಅಕ್ಕಾರನ್ನು ನೋಡಿದಳು.

"ಒಮ್ಮಿ ಸಾಬೂನ ಹಚ್ಚಿ ನೋಡೂಣೇನು?" ಎಂದು ಮೆಲ್ಲಗೆ ಕೇಳಿದಳು.

ಅಕ್ಕಾರಿಗೆ ನಗು ತಡೆಯಲಾಗಲಿಲ್ಲ. ಮೇಘಾ ನಕ್ಕಳು. ಕೊನೆಗೆ ಅಜ್ಜಿಯೂ ನಕ್ಕಳು, ಆದರೆ ಅವಳ ಕಣ್ಣಲ್ಲಿ ನೀರಿತ್ತು. ಮೇಘಾ ತನ್ನ ಲಂಗದ ತುದಿಯಿಂದ ಒರೆಸಿದಳು.

ಮರುದಿನ ಮೇಘಾಳ ಅಪ್ಪ ಮೈಲಾರಿ ಇಬ್ಬರನ್ನೂ ರೋಣಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರು ಅಜ್ಜಿಯ ಬೆರಳಿನ ಗಾಯ ತೊಳೆದು ಪಟ್ಟಿ ಕಟ್ಟಿಸಿದರು, ಗುಳಿಗೆ ಬರೆದುಕೊಟ್ಟರು. ಲಗೂ ಬಂದದ್ದು ಚಲೋ ಆಯಿತು, ಗಾಯ ದಿನಾ ತೊಳೆದು ಪಟ್ಟಿ ಬದಲಿಸಿದರೆ, ಗುಳಿಗೆ ತಪ್ಪಿಸದಿದ್ದರೆ ಮಾಯುತ್ತದೆ ಎಂದರು.

"ಇನ್ನೊಂದ ರಕ್ತದ ಟೆಸ್ಟ್ ಮಾಡೂಣ್ರಿ ಅಜ್ಜಿ. ಅದು ಮೂರ ತಿಂಗಳದಾಗ ನಿಮ್ಮ ಸಕ್ಕರಿ ಹ್ಯಾಂಗಿತ್ತಂತ ಎಲ್ಲಾ ಹೇಳತೈತಿ" ಎಂದರು ಡಾಕ್ಟರು.

"ಮೂರ ತಿಂಗಳದ್ದು ಎಲ್ಲಾ? ಅದು ಟೆಸ್ಟಲ್ಲ ಸಾಹೇಬ್ರ, ನಮ್ಮ ಬಾಳವ್ವನ ಇರಬೇಕು!"

ಭಾನುವಾರ ಓಣಿಯ ತುಂಬ ಶೇಂಗಾ ಹುರಿದ ವಾಸನೆ. ಪಂಚಮಿಗೆ ಎರಡೇ ದಿನ ಇತ್ತು. ಅಜ್ಜಿ ಮುಂಜಾನೆಯೇ ಹೊಸ ಸೀರೆ ಉಟ್ಟು, ಕಾಲಿನ ಪಟ್ಟಿ ಕಾಣದ ಹಾಗೆ ನಿರಿಗೆ ಇಳಿಬಿಟ್ಟು ಕಟ್ಟೆಯ ಮೇಲೆ ಕೂತಳು. ಯಾರೂ ಕರೆಯಲು ಬರಲಿಲ್ಲ.

ಹತ್ತು ಗಂಟೆಯಾಯಿತು. ಬಾಳವ್ವನ ಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂತು. ಅಜ್ಜಿಯ ಮೂಗು ಅರಳಿತು. "ಈಗ ನೊರಿ ಬಂತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ "ಈಗ ನೊರಿ ಕೂತು" ಎಂದಳು. ಆಮೇಲೆ ಚಡಪಡಿಸತೊಡಗಿದಳು. "ಈಕಿ ಇನ್ನೂ ಯಾಕ ನೋಡವಲ್ಲಳು? ಈಗ ನೋಡಲಿಲ್ಲಂದ್ರ ತಳಾ ಹತ್ತತೈತಿ!"

"ಹೋಗೂಣ ನಡಿ ಆಯಿ."

"ಕರೀದ ಮನಿಗೆ ಹ್ಯಾಂಗ ಹೋಗೋದು?"

"ಟೆಸ್ಟಿಗೆ ಹೋಗೋ ಮುಂದ ಕರದ್ರ ಒಲ್ಲೆ ಅನ್ನಬಾರದಿತ್ತು. ಈಗ ಕರೀದಿದ್ರ ಹೋಗಬಾರದಾ?"

ಅಜ್ಜಿ ಎದ್ದಳು. ಕುಂಟುತ್ತ ಹೋಗಿ ಬಾಳವ್ವನ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬಾಳವ್ವ ಅವಳನ್ನು ಕಂಡು ಗಾಬರಿಯಾಗಿ, ಎಳ್ಳುಂಡಿಯ ಗಂಗಾಳದ ಮೇಲೆ ಪಟ್ಟನೆ ಮುಚ್ಚಳ ಹಾಕಿದಳು.

ಮೇಘಾಳಿಗೆ ಅಜ್ಜಿಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಆದರೆ ಅಜ್ಜಿಯ ಕಣ್ಣು ಗಂಗಾಳದ ಮೇಲೆ ಇರಲೇ ಇಲ್ಲ. "ಉರಿ ಸಣ್ಣ ಮಾಡ ಮೊದಲ!" ಎಂದು ಗುಡುಗಿದಳು. "ಒಂದ ಬಟ್ಟಲ ನೀರ ತಾ."

ಸೌಟಿನಿಂದ ಒಂದು ಹನಿ ಪಾಕವನ್ನು ನೀರಿಗೆ ಬಿಟ್ಟಳು. ಅದನ್ನು ಬೆರಳಲ್ಲಿ ಹೊರಳಿಸಿ ಗುಂಡು ಮಾಡಿದಳು. ಗುಂಡನ್ನು ತಾಟಿಗೆ ಬಡಿದಳು. ಟಣ್ ಎಂದಿತು.

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಜ್ಜಿಯ ಕೈ ಅಭ್ಯಾಸಬಲದಿಂದ ಬಾಯಿಯವರೆಗೆ ಹೋಯಿತು. ಅಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಮೇಘಾಳ ಕಡೆ ಬಂತು.

"ಬಾಯಿ ತಗಿ. ಈ ವರ್ಷ ನನ್ನ ನಾಲಿಗಿ ನೀನ."

ಮೇಘಾ ಬಾಯಿ ತೆರೆದಳು. ಗಟ್ಟಿಯಾದ, ಬಂಗಾರದ ಬಣ್ಣದ ಗುಂಡು ಹಲ್ಲಿಗೆ ಕಟಂ ಎಂದಿತು.

"ಹ್ಯಾಂಗೈತಿ?"

"ಭಾಳ ಚಲೋ ಐತಿ!"

"ಹೂಂ, ಇಳಸು" ಎಂದಳು ಅಜ್ಜಿ. ಬಾಳವ್ವ ಬೋಗುಣಿ ಇಳಿಸಿದಳು, ನಿಟ್ಟುಸಿರು ಬಿಟ್ಟಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ಪಾಕಕ್ಕೋ ಅಜ್ಜಿಗೋ ಎಂದು ಹೇಳುವುದು ಕಷ್ಟ.

ಹೊರಗೆ ಸೈಕಲ್ ಗಂಟೆ ಕೇಳಿತು. "ಬಳಿ ಬೇಕೇನ್ರವ್ವಾ, ಬಳೀ!" ಎಂದು ಕಾಶೀಂಸಾಬ ಕೂಗಿದ. ಬಾಳವ್ವನ ಕೈ ಮತ್ತೆ ಮುಚ್ಚಳದ ಕಡೆ ಹೋಯಿತು. ಅಜ್ಜಿ ಅದಕ್ಕಿಂತ ಮೊದಲೇ ಮುಚ್ಚಳ ಎತ್ತಿ ಒಲೆಯ ಹಿಂದೆ ಇಟ್ಟಳು.

"ನೋಡಿದ್ರ ಸಕ್ಕರಿ ಏರಂಗಿಲ್ಲ. ಬಾರೋ ಕಾಶೀಂಸಾಬ, ಒಳಗ ಬಾ. ಇಬ್ರೂ ಕೂಡಿ ಸಪ್ಪನ ಚಾ ಕುಡಿಯೂಣು. ಸಪ್ಪನ ಚಾ ಹ್ಯಾಂಗ ಕುಡೀಬೇಕು ನನಗ ಕಲಸು."

"ಮೂಗ ಹಿಡ್ಕೊಂಡ ಕುಡೀಬೇಕಬೇ ಅಕ್ಕಾ" ಎಂದ ಕಾಶೀಂಸಾಬ. ಅವನು ತಲೆ ಎತ್ತಿಯೇ ಒಳಗೆ ಬಂದ.

ಆಮೇಲೆ ಟಾಕಿ ಮನೆಯವರು ಕರೆದರು. ಗಿರಣಿ ಮನೆಯವರು ಕರೆದರು. ಎಲ್ಲ ಕಡೆ ಅಜ್ಜಿ ಹನಿ ಬಿಟ್ಟಳು, ಗುಂಡು ಹೊರಳಿಸಿದಳು, ತಾಟಿಗೆ ಬಡಿದಳು, ಮೇಘಾಳ ಬಾಯಿಗೆ ಹಾಕಿದಳು. ಸಂಜೆಯ ಹೊತ್ತಿಗೆ ಮೇಘಾಳ ನಾಲಿಗೆ, ಬೆಲ್ಲ ಯಾವುದು, ನೀರು ಯಾವುದು ತಿಳಿಯದಷ್ಟು ಮರಗಟ್ಟಿತ್ತು.

ಏಳನೆಯ ಮನೆಯಲ್ಲಿ ಅವಳು ಒಂದು ಸಂಗತಿ ಗಮನಿಸಿದಳು. ಗುಂಡು ಟಣ್ ಎಂದ ಕೂಡಲೇ ಅಜ್ಜಿಯ ಕಾಲು ಬಾಗಿಲ ಕಡೆ ತಿರುಗುತ್ತಿತ್ತು. ಮೇಘಾ ಬಾಯಿ ಮುಚ್ಚುವುದಕ್ಕೂ ಮೊದಲೇ ಅಜ್ಜಿಗೆ ಎಲ್ಲ ಗೊತ್ತಾಗಿರುತ್ತಿತ್ತು. ನಾಲಿಗೆಯ ಕೆಲಸವೇ ಅಲ್ಲಿ ಇರಲಿಲ್ಲ. ಇಷ್ಟು ವರ್ಷವೂ ಇದ್ದಿರಲಿಲ್ಲ.

ಹಾಗಾದರೆ ಅಜ್ಜಿ ಇಷ್ಟು ವರ್ಷ ಮನೆಮನೆಯಲ್ಲೂ ಕಣ್ಣು ಮುಚ್ಚಿಕೊಂಡು ಯಾಕೆ ಚಪ್ಪರಿಸುತ್ತಿದ್ದಳು? ಮೇಘಾ ಅಜ್ಜಿಯನ್ನು ನೋಡಿದಳು. ಅಜ್ಜಿ ಎಲ್ಲೋ ನೋಡುತ್ತಿರುವ ಹಾಗೆ ಮಾಡುತ್ತ, ಗುಳುಕ್ಕೆಂದು ಬರೀ ಎಂಜಲು ನುಂಗಿದಳು.

"ಹ್ಯಾಂಗೈತಬೇ ಮೇಘಾ?" ಎಂದು ಆ ಮನೆಯವರು ಕೇಳಿದರು.

ಮೇಘಾ ಅಜ್ಜಿಯ ಹಾಗೆಯೇ ಕಣ್ಣು ಮುಚ್ಚಿಕೊಂಡಳು. ಅಜ್ಜಿಯ ಹಾಗೆಯೇ ತಲೆ ಒಂದಿಷ್ಟು ವಾರೆ ಮಾಡಿದಳು. ಎರಡು ಸಲ ಚಪ್ಪರಿಸಿದಳು.

"ಹೂಂ" ಎಂದಳು, "ಆಯೀನ್ನ ಕೇಳ್ರಿ."